ಬರ್ತೇನೆ ಅಂದಿದ್ದರು

ವಾಯುಸೇನೆಯಲ್ಲಿ ನಾನು ವಿಮಾನ ಹಾರಿಸಿದವನಲ್ಲ. ಕೆಳಗೆ ಕುಳಿತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮೇಲೆ ಹಾರುವವರ ಮಾತು ಕೇಳಿಸಿಕೊಂಡವನು. ಹುಟ್ಟಿದ್ದು ವಿಜಯಪುರದ ಕಡೆ. ನಿವೃತ್ತಿಯಾದ ಮೇಲೆ ಉಳಿದದ್ದು ಪುಣೆಯಲ್ಲಿ. ಮನೆಯಲ್ಲಿ ಸುಮ್ಮನೆ ಕೂರುವುದು ಆಗದ ಕಾರಣ ಊರಾಚೆಯ ಒಂದು ಸಣ್ಣ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಮೇಜಿನ ಕೆಲಸಕ್ಕೆ ಸೇರಿದೆ. ಹೊರಡುವ ವಿಮಾನದ ಹೊತ್ತು ಬರೆದುಕೊಳ್ಳುವುದು, ಬಂದಿಳಿದ ವಿಮಾನದ ಹೊತ್ತು ಬರೆದುಕೊಳ್ಳುವುದು, ನಡುವೆ ಕಾಯುವುದು. ಕಾಯುವುದೂ ಒಂದು ಕೆಲಸವೇ ಎಂದು ನನ್ನ ಹೆಂಡತಿಗೆ ಇವತ್ತಿಗೂ ನಂಬಿಕೆಯಿಲ್ಲ.

ನಮ್ಮಲ್ಲಿ ಎರಡು ಫೋನಿನ ನಿಯಮವಿತ್ತು. ಕಂಟ್ರೋಲ್ ಟವರ್ ಇಲ್ಲದ ಬಯಲು ಏರ್‌ಸ್ಟ್ರಿಪ್‌ಗೆ ಯಾರಾದರೂ ಹೋದರೆ, ಇಳಿದ ಕೂಡಲೇ ಒಂದು ಫೋನ್ ಮಾಡಬೇಕು. ಮರಳಿ ಹೊರಡುವ ಮುಂಚೆ ಇನ್ನೊಂದು. ಎರಡನೆಯ ಫೋನ್ ಬಂದ ಮೇಲೆ ನಾನು ಲೆಕ್ಕ ಹಾಕುತ್ತಿದ್ದೆ, ಇಷ್ಟು ಹೊತ್ತಿಗೆ ಇಲ್ಲಿರಬೇಕು ಎಂದು. ಆ ಹೊತ್ತು ಮೀರಿ ಅರ್ಧ ತಾಸಾದರೆ ಮೊದಲ ಹಂತ, ಅನುಮಾನ. ಆಮೇಲೆ ಎಚ್ಚರ. ಕೊನೆಯದು ಅಪಾಯ. ಪ್ರತಿ ಹಂತದಲ್ಲಿ ಯಾರಿಗೆ ತಿಳಿಸಬೇಕು, ಏನೇನು ಹೇಳಬೇಕು ಎಂಬುದು ನನಗೆ ಬಾಯಿಪಾಠ. ಬಾಯಿಪಾಠ ಇರಲೇಬೇಕು, ಯಾಕೆಂದರೆ ಆ ಹೊತ್ತಿನಲ್ಲಿ ತಲೆ ಓಡುವುದಿಲ್ಲ.

ಕ್ಲಬ್ಬಿನ ಸದಸ್ಯರಲ್ಲಿ ಒಬ್ಬರು ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಹೋಟೆಲ್ ನಡೆಸುವವರು. ಕುಂದಾಪುರದ ಕಡೆಯವರು. ಐವತ್ತು ದಾಟಿದ ಮೇಲೆ ವಿಮಾನ ಕಲಿಯುವ ಹುಚ್ಚು ಹತ್ತಿ, ಲೈಸೆನ್ಸೂ ಪಡೆದರು. ಅವರ ಕಡೆಯ ಕೆಲಸಗಾರರು ಕರೆಯುವಂತೆ ನಾನೂ ಅವರನ್ನು ಧಣಿ ಎನ್ನುತ್ತಿದ್ದೆ. ಅವರು ನನಗಿಟ್ಟ ಹೆಸರು ಗಡಿಯಾರ ಸಾಹೇಬ್ರು.

“ಗಡಿಯಾರ ಸಾಹೇಬ್ರೇ, ಒಂದು ಐದು ನಿಮಿಷ ತಡ ಆದ್ರೆ ಮಿಲಿಟರಿ ಕಳಿಸ್ತೀರಾ?”

“ಐದಕ್ಕ ಇಲ್ರಿ ಧಣಿ. ಅರ್ಧ ತಾಸಿಗೆ ಕಳಸ್ತೀನಿ.”

ಅವರ ಹೆಂಡತಿಯೂ ಕಡಿಮೆಯವರಲ್ಲ. ನಾನು ಹೋಟೆಲಿಗೆ ಹೋದಾಗಲೆಲ್ಲ ಕಾವಲಿಯ ಕಡೆ ಕೈ ತೋರಿಸಿ ಹೇಳುತ್ತಿದ್ದರು: “ದೋಸೆ ತಿರುಗಿಸಿ ಹಾಕ್ಲಿಕ್ಕೆ ಬಾರದವರು ಗೊತ್ತುಂಟಾ, ವಿಮಾನ ತಿರುಗಿಸ್ತಾರಂತೆ!” ಆದರೆ ಗಂಡ ಹಾರುವ ದಿನ ಆಕೆ ಉಪವಾಸ ಇರುತ್ತಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು.

ಅದು ಮಳೆಗಾಲ ಮುಗಿದು ಕಬ್ಬು ಆಳೆತ್ತರ ನಿಂತಿದ್ದ ದಿನಗಳು. ದಕ್ಷಿಣಕ್ಕೆ, ಗುಡ್ಡಗಳನ್ನು ದಾಟಿದರೆ, ಒಂದು ಸಕ್ಕರೆ ಕಾರ್ಖಾನೆಯವರ ಏರ್‌ಸ್ಟ್ರಿಪ್ ಇದೆ. ಧಣಿ ಬೆಳಿಗ್ಗೆ ಒಬ್ಬರೇ ಎರಡು ಸೀಟಿನ ವಿಮಾನದಲ್ಲಿ ಅಲ್ಲಿಗೆ ಹೋದರು. ಇಳಿದ ಫೋನ್ ಬಂತು. ಬರೆದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಮರಳಬೇಕಿತ್ತು. ಹೊರಡುವ ಫೋನ್ ಮಾತ್ರ ಬರಲಿಲ್ಲ.

ನಾನು ಅವರ ಮೊಬೈಲಿಗೆ ಮಾಡಿದೆ, ಸ್ವಿಚ್ ಆಫ್. ಏರ್‌ಸ್ಟ್ರಿಪ್ಪಿನ ಕಾವಲುಗಾರನಿಗೆ ಮಾಡಿದೆ. ರಿಂಗಾಗುತ್ತಿತ್ತು, ಯಾರೂ ಎತ್ತಲಿಲ್ಲ. ಇನ್ನೊಂದು ವಿಮಾನ ಇಳಿಯುತ್ತಿದ್ದುದರಿಂದ ರೇಡಿಯೋ ಹತ್ತಿರ ಹೋದೆ. ಅಷ್ಟರಲ್ಲಿ ವಿಮಾನ ಹಾರಿಸಲು ಕಲಿಸುವ ನಮ್ಮ ಮುಖ್ಯ ಶಿಕ್ಷಕರು ಧಣಿಯ ಮನೆಗೆ ಫೋನ್ ಹಚ್ಚಿದ್ದರು. ಅವರು ಪಂಜಾಬಿನವರು, ಹಿಂದಿ, ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಬಾರದು. ಧಣಿಯ ಹೆಂಡತಿ ತಮಗೆ ಬರುವ ಹಿಂದಿಯಲ್ಲಿ ಉತ್ತರ ಕೊಟ್ಟರಂತೆ: ಹೌದು, ಅಲ್ಲಿಂದ ಫೋನ್ ಮಾಡಿದ್ದರು, “‘ಆತಾ ಹೂಂ’ ಬೋಲೆ.”

ಬರುತ್ತಿದ್ದೇನೆ ಅಂದರು. ಅಂದರೆ ಹೊರಟರು. ಶಿಕ್ಷಕರು ನನ್ನ ಕಡೆ ತಿರುಗಿ, “ಹೊರಟಾಗಿದೆ. ಆ ಫೋನ್ ಬಂದ ಹೊತ್ತಿನಿಂದ ಲೆಕ್ಕ ಹಾಕಿ” ಎಂದರು. ಲೆಕ್ಕ ಹಾಕಿದೆ. ಬರಬೇಕಾದ ಹೊತ್ತು ಆಗಲೇ ಮೀರಿತ್ತು.

ಮುಂದಿನದು ಕ್ರಮ. ದಾರಿಯಲ್ಲಿ ಸಿಗುವ ಎಲ್ಲ ವಿಮಾನ ನಿಲ್ದಾಣಗಳಿಗೆ ಫೋನ್: ನಿಮ್ಮಲ್ಲಿ ಇಳಿದಿದೆಯೇ, ನಿಮ್ಮ ಬಯಲಿನಲ್ಲಿ ನಿಂತಿದೆಯೇ, ಕಣ್ಣಿನಿಂದ ನೋಡಿ ಹೇಳಿ. ಎಲ್ಲಿಯೂ ಇಲ್ಲ. ಆಮೇಲೆ ಪುಣೆ ವಿಮಾನ ನಿಲ್ದಾಣದ ದೊಡ್ಡ ಟವರಿಗೆ ವರದಿ: ಬಿಳಿ ಬಣ್ಣ, ಕೆಂಪು ಪಟ್ಟಿ, ಒಬ್ಬರೇ ಇದ್ದಾರೆ, ಇಂಧನ ಇಷ್ಟು ಹೊತ್ತಿಗೆ ಸಾಕಾಗುತ್ತದೆ. ಈ ಕೊನೆಯ ಸಾಲು ಹೇಳುವಾಗ ದನಿ ಬದಲಾಗಬಾರದು ಎಂದು ನಮಗೆ ಕಲಿಸಿದ್ದರು. ನನ್ನ ದನಿ ಬದಲಾಗಲಿಲ್ಲ. ವಿಮಾನ ನೆಲಕ್ಕೆ ಬಿದ್ದರೆ ತಾನಾಗಿಯೇ ಸಂಕೇತ ಕಳಿಸುವ ಒಂದು ಯಂತ್ರ ಅದರಲ್ಲಿರುತ್ತದೆ. ಅಂಥ ಸಂಕೇತ ಎಲ್ಲಿಯೂ ಕೇಳಿಬಂದಿಲ್ಲ ಎಂದು ಟವರಿನವರು ಹೇಳಿದರು. ಅದರಿಂದ ಸಮಾಧಾನ ಪಡಬೇಕೋ ಬೇಡವೋ ತಿಳಿಯಲಿಲ್ಲ. ಆ ಯಂತ್ರಗಳು ಕೆಲವೊಮ್ಮೆ ಕೆಲಸ ಮಾಡುವುದಿಲ್ಲ.

ಗುಡ್ಡದ ಸಾಲಿನ ಮೇಲೆ ಮಧ್ಯಾಹ್ನ ಮೋಡ ಕವಿದಿತ್ತು. ಹಾಗಾಗಿ ಎಲ್ಲರ ಕಣ್ಣೂ ಅಲ್ಲಿಗೇ ಹೋಯಿತು. ಪೊಲೀಸರಿಗೆ ತಿಳಿಸಿದರು. ಗುಡ್ಡದ ಬುಡದ ಹಳ್ಳಿಯ ಪೊಲೀಸ್ ಪಾಟೀಲರು, ಅಂದರೆ ಪೊಲೀಸರಿಗೆ ನೆರವಾಗುವ ಊರ ಗೌಡರು, ಒಂದಿಷ್ಟು ಜನರನ್ನು ಕರೆದುಕೊಂಡು ಮೇಲೆ ಹತ್ತುತ್ತೇವೆ ಎಂದರು. ಒಂದು ಹೆಲಿಕಾಪ್ಟರಿನ ಮಾತೂ ನಡೆಯಿತು.

ಇಂಧನ ಮುಗಿಯುವ ಹೊತ್ತು ಬಂತು, ಹೋಯಿತು. ಇನ್ನು ಅದು ಆಕಾಶದಲ್ಲಿಲ್ಲ ಎಂಬುದು ಖಚಿತ.

ಶಿಕ್ಷಕರು ನನ್ನ ಭುಜ ಮುಟ್ಟಿ, ಆಕೆಯ ಹತ್ತಿರ ಯಾರಾದರೂ ಇರಬೇಕು, ಆಕೆಯ ಭಾಷೆ ಬರುವವರು ನೀವೊಬ್ಬರೇ ಎಂದರು. ನಾನು ಸ್ಕೂಟರ್ ತೆಗೆದುಕೊಂಡು ಕ್ಯಾಂಪಿಗೆ ಬಂದೆ.

ಸಂಜೆಯ ಗಿರಾಕಿಗಳು ಶುರುವಾಗಿದ್ದರು. ಆಕೆ ಹೋಟೆಲ್ ಮುಚ್ಚಿರಲಿಲ್ಲ. ಮುಚ್ಚಿದರೆ ಏನೋ ಆಯಿತು ಎಂದು ಒಪ್ಪಿಕೊಂಡ ಹಾಗೆ ಅಂತ ಇರಬೇಕು. ಗಲ್ಲಾದ ಪಕ್ಕದ ಕುರ್ಚಿಯಲ್ಲಿ, ತೊಡೆಯ ಮೇಲೆ ಮೊಬೈಲ್ ಇಟ್ಟುಕೊಂಡು ಕುಳಿತಿದ್ದರು. ನನ್ನ ಮುಖ ನೋಡಿ ಎದ್ದರು.

“ಸುದ್ದಿ ಉಂಟಾ?”

“ಇನ್ನೂ ಇಲ್ರಿ ಅಕ್ಕಾರ. ಹುಡುಕಾಕತ್ತಾರ. ಭಾಳ ಮಂದಿ ಹುಡುಕಾಕತ್ತಾರ.”

“ಎಲ್ಲಿ ಹುಡುಕುದು?”

“ಗುಡ್ಡದ ಕಡೆ.”

ಆಕೆ ಗುಡ್ಡ ಎಂಬ ಮಾತನ್ನು ಬಾಯೊಳಗೇ ಒಮ್ಮೆ ಹೇಳಿಕೊಂಡು ಮತ್ತೆ ಕುಳಿತರು. ನನಗೆ ಚಹಾ ತರಿಸಿದರು. ತಾವು ನೀರನ್ನೂ ಮುಟ್ಟಲಿಲ್ಲ.

ಸುಮ್ಮನೆ ಕುಳಿತರೆ ಆಕೆಗೂ ಕಷ್ಟ, ನನಗೂ ಕಷ್ಟ. ಕೆಲಸದ ಮಾತೇ ತೆಗೆದೆ. “ಅಕ್ಕಾರ, ಧಣಿ ಫೋನ್‌ನಾಗ ಏನೇನ್ ಅಂದ್ರು, ಒಂದೂ ಬಿಡದಂಗ ಹೇಳ್ರಿ.”

“ಎಷ್ಟು ಸಲ ಹೇಳುದು ಮಾರಾಯ್ರೇ! ಇಳಿದೆ ಅಂದ್ರು. ಮೇಲಿನಿಂದ ಕಬ್ಬಿನ ಗದ್ದೆ ಎಂತ ಚಂದ ಕಾಣ್ತದೆ ಮಾರಾಯ್ತಿ, ಒಂದು ಸಲ ನೀನೂ ಬಾ ಅಂದ್ರು. ನಾನು ಬರುದಿಲ್ಲ ಅಂದೆ. ಬಿಪಿ ಮಾತ್ರೆ ತಗೊಂಡ್ಯಾ ಅಂತ ಕೇಳಿದ್ರು. ಹ್ಞಾಂ ತಗೊಂಡೆ ಅಂದೆ. ತಗೊಂಡಿರ್ಲಿಲ್ಲ. ಮತ್ತೆ, ಬರ್ತೇನೆ ಅಂದ್ರು. ಅಷ್ಟೇ.” ತೊಡೆಯ ಮೇಲಿನ ಮೊಬೈಲ್ ನೋಡುತ್ತ ಹೇಳಿದರು: “ಬರ್ತೇನೆ ಅಂದಿದ್ದಾರೆ. ಅವರು ಹೇಳಿದ ಮೇಲೆ ಬರ್ತಾರೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಹೇಳಿ ಬಾರದೆ ಇದ್ದದ್ದಿಲ್ಲ.”

ನಾನು ಕೇಳಿಸಿಕೊಂಡೆ. ನನಗೂ ಅದರಲ್ಲಿ ಏನೂ ಹೊಸದು ಕಾಣಲಿಲ್ಲ. ಮಧ್ಯಾಹ್ನದಿಂದ ಆ ಮಾತಿನ ಮೇಲೆಯೇ ಅಲ್ಲವೇ ನಮ್ಮ ಲೆಕ್ಕವೆಲ್ಲ ನಿಂತಿದ್ದದ್ದು!

ಅಷ್ಟರಲ್ಲಿ ಶಿಕ್ಷಕರ ಫೋನ್ ಬಂತು. ಕತ್ತಲಾಗುವ ಮುಂಚೆ ರೇಡಿಯೋ ಮೇಲೆ ಇನ್ನೊಬ್ಬರು ಬೇಕು, ಬಂದುಬಿಡಿ ಎಂದರು. ನಾನು ಎದ್ದು ಕೈ ಮುಗಿದೆ.

“ಬರ್ತೀನ್ರಿ ಅಕ್ಕಾರ.”

“ಹ್ಞಾಂ, ಬನ್ನಿ,” ಎಂದರು.

ನಾನು ಬಾಗಿಲ ತನಕ ಹೋಗಿದ್ದೆ. ಹಿಂದಿನಿಂದ ಆಕೆಯ ದನಿ ಬಂತು, ಎತ್ತರದ ದನಿ. ಗಿರಾಕಿಗಳೂ ತಿರುಗಿ ನೋಡಿದರು.

“ನೀವು ಈಗ ಎಂತ ಹೇಳಿದ್ದು?”

“ಬರ್ತೀನಿ ಅಂದೆ.”

“ಎಲ್ಲಿಗೆ ಬರುದು? ನೀವು ಹೋಗುದಲ್ವಾ?”

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತೆವು. ಒಳಗೆ ಯಾರೋ ಗ್ಲಾಸುಗಳನ್ನು ಟ್ರೇಗೆ ಸುರಿದ ಸದ್ದಾಯಿತು.

“ಅಕ್ಕಾರ,” ಎಂದೆ ನಿಧಾನಕ್ಕೆ, “ಧಣಿ ಫೋನ್ ಇಡೂ ಮುಂದ ದಿನಾ ಏನಂತಾರ್ರಿ?”

“ಬರ್ತೇನೆ ಅಂತಾರೆ.” ಆಕೆಯ ಕಣ್ಣು ದೊಡ್ಡದಾಗುತ್ತ ಹೋಯಿತು. “ಬ್ಯಾಂಕಿಗೆ ಹೋಗುವಾಗಲೂ ಅದೇ, ಫೋನ್ ಇಡುವಾಗಲೂ ಅದೇ. ಇಡ್ತೇನೆ ಅಂತ ಹೇಳುದೇ ಇಲ್ಲ. ಅವರ ಅಮ್ಮ ಕಲಿಸಿದ್ದು, ಹೋಗ್ತೇನೆ, ಇಡ್ತೇನೆ, ಅಂಥದ್ದೆಲ್ಲ ಬಾಯಲ್ಲಿ ಬರಬಾರದು ಅಂತ.”

“ಹೊರಟೆ ಅಂತ ಅಂದಿದ್ರೇನ್ರಿ?”

“ಇಲ್ಲ. ಹೊರಟೆ ಅನ್ಲಿಲ್ಲ. ದೇವರಾಣೆ ಅನ್ಲಿಲ್ಲ.”

ಆಕೆ ಪಂಜಾಬಿನವರಿಗೆ ಸುಳ್ಳು ಹೇಳಿರಲಿಲ್ಲ. ಗಂಡನ ಮಾತನ್ನು ಇದ್ದ ಹಾಗೆಯೇ ಹಿಂದಿಗೆ ಇಳಿಸಿದ್ದರು. ಇಳಿಸುವಾಗ ಅದರೊಳಗಿನ ವಿದಾಯ ಎಲ್ಲೋ ಉದುರಿ, ಬರೀ ಬರುವುದು ಉಳಿದಿತ್ತು. ಆಮೇಲೆ ಹೆದರಿಕೆಯಲ್ಲಿ ಆಕೆಯೂ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಅಲ್ಲಿಯೇ ನಿಂತು ಶಿಕ್ಷಕರಿಗೆ ಫೋನ್ ಮಾಡಿದೆ. “ಸಾಹಬ್, ಅದು ‘ಆತಾ ಹೂಂ’ ಅಲ್ಲ. ನೀವು ಫೋನ್ ಮುಗಿಸುವಾಗ ‘ಚಲ್ತಾ ಹೂಂ’ ಅಂತೀರಲ್ಲ, ಅದು.”

“ಚಲ್ತಾ ಹೂಂ?” ಎಂದರು ಅವರು. “ತೋ ಚಲಾ ನಾ?” ಹಾಗಾದರೆ ಹೊರಟ ಹಾಗೇ ಆಯಿತಲ್ಲ ಎಂದು ಅವರ ಪ್ರಶ್ನೆ.

“ಫೋನ್ ಸೆ ಚಲಾ, ಸಾಹಬ್. ಜಮೀನ್ ಸೆ ನಹೀಂ.” ಫೋನ್ ಬಿಟ್ಟು ಹೊರಟರು, ನೆಲ ಬಿಟ್ಟಲ್ಲ.

ಆಮೇಲೆ ಅವರು ಬೇರೇನೂ ಕೇಳದೆ, ಕಾರ್ಖಾನೆಯ ಆಫೀಸಿಗೆ ಫೋನ್ ಹಚ್ಚುತ್ತೇನೆ, ಯಾರನ್ನಾದರೂ ಏರ್‌ಸ್ಟ್ರಿಪ್ಪಿಗೆ ಓಡಿಸಲಿ ಎಂದರು. ಇಡೀ ಮಧ್ಯಾಹ್ನ ಸುತ್ತಲಿನ ಬಯಲುಗಳನ್ನೆಲ್ಲ ಕಣ್ಣಿನಿಂದ ನೋಡಿಸಿದ್ದೆವು. ಧಣಿ ಇಳಿದ ಬಯಲನ್ನು ಮಾತ್ರ ಯಾರೂ ನೋಡಿರಲಿಲ್ಲ, ಅಲ್ಲಿಂದ ಹೊರಟಾಗಿದೆ ಎಂದು ನಂಬಿದ್ದರಿಂದ.

ನಾನು ಮತ್ತೆ ಕುಳಿತೆ. ಒಳಗೆ ಇನ್ನೊಂದು ಹೆದರಿಕೆ ಹುಟ್ಟಿತ್ತು. ಹೊರಡಲು ಹೋಗಿ, ಮೇಲೇಳುವಾಗಲೇ ಏನಾದರೂ ಆಗಿದ್ದರೆ? ಆಳೆತ್ತರದ ಕಬ್ಬಿನಲ್ಲಿ ಸಣ್ಣ ವಿಮಾನ ಮುಳುಗಿದರೆ ಪಕ್ಕದ ರಸ್ತೆಗೂ ಕಾಣುವುದಿಲ್ಲ. ಇದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ.

“ಅಲ್ಲಿಯೇ ಇದ್ದಾರೆ ಅಂತ ಇಟ್ಕೊಳ್ಳುವ,” ಎಂದರು ಆಕೆ, ನನ್ನ ಕಡೆ ನೋಡದೆ. “ಆದ್ರೆ ಹೇಗೆ ಇದ್ದಾರೆ ಅಂತ ಗೊತ್ತಿಲ್ಲ. ಅಲ್ವಾ?”

“ಗೊತ್ತಿಲ್ರಿ.”

“ಹ್ಞೂಂ. ನೀವು ಸುಳ್ಳು ಹೇಳ್ಲಿಲ್ಲ, ಒಳ್ಳೇದಾಯ್ತು.”

ನನ್ನ ವೃತ್ತಿಯಲ್ಲಿ ನಾನು ಬಹಳ ಕಾದಿದ್ದೇನೆ. ಆದರೆ ಯಾವಾಗಲೂ ಕಿವಿಗೆ ಯಂತ್ರ, ಮುಂದೆ ಮೇಜು, ಮಾಡಲು ಏನಾದರೊಂದು ಇರುತ್ತಿತ್ತು. ಕಾಯುವವರ ಪಕ್ಕದಲ್ಲಿ ಕುಳಿತು ಕಾದದ್ದು ಅದೇ ಮೊದಲು. ಆಕೆಯ ಉಸಿರು ನಡುನಡುವೆ ನಿಂತು ಮತ್ತೆ ಶುರುವಾಗುವುದು ನನಗೆ ಕೇಳುತ್ತಿತ್ತು.

ಮೊಬೈಲ್ ರಿಂಗಾಯಿತು. ಗುರುತಿಲ್ಲದ ನಂಬರು. ಆಕೆ ನನ್ನ ಕೈಗೆ ಕೊಡಲು ಬಂದರು. ಆಮೇಲೆ ಮನಸ್ಸು ಬದಲಾಯಿಸಿ ತಾವೇ ಕಿವಿಗೆ ಹಿಡಿದರು. ಹಲೋ ಅನ್ನಲಿಲ್ಲ.

ಆ ಕಡೆಯ ದನಿ ನನಗೂ ಕೇಳಿಸುವಷ್ಟು ದೊಡ್ಡದಿತ್ತು. “ಎಂತ ಮಾರಾಯ್ತಿ ಇದು? ನನ್ನನ್ನು ಗುಡ್ಡದಲ್ಲಿ ಹುಡುಕುತ್ತಾ ಇದ್ದಾರಂತೆ?”

ಆಕೆ ಅಲ್ಲಿಯೇ ಗೋಡೆಗೆ ಒರಗಿದರು. ಧಣಿಯೇ ಹೇಳುತ್ತ ಹೋದರು. ವಿಮಾನದ ಮುಂದಿನ ಚಕ್ರದಲ್ಲಿ ಗಾಳಿ ಇಳಿದಿತ್ತು. ಅದನ್ನು ನಮಗೆ ತಿಳಿಸುವಷ್ಟರಲ್ಲಿ ಅವರ ಮೊಬೈಲ್ ಸತ್ತಿತು. ಕಾವಲುಗಾರ ತನ್ನ ಬೈಕಿನಲ್ಲಿ ಪಂಕ್ಚರ್‌ನವನನ್ನು ಕರೆತರಲು ಹೋದ. ಹೋಗುವಾಗ ತನ್ನ ಫೋನನ್ನು ಗುಡಿಸಲೊಳಗೆ ಚಾರ್ಜಿಗೆ ಹಾಕಿ, ಹೊರಗೆ ಬೀಗ ಹಾಕಿಕೊಂಡು ಹೋದ. ಹೋದವನು ಸಂಜೆಯಾದರೂ ಮರಳಿರಲಿಲ್ಲ. “ಮಧ್ಯಾಹ್ನದಿಂದ ಒಳಗೆ ಫೋನ್ ಹೊಡ್ಕೊಳ್ತಾ ಉಂಟು, ಹೊರಗೆ ನಾನು ಕೂತಿದ್ದೇನೆ. ಅವನ ಹೆಂಡತಿ ಇರಬೇಕು, ಪಾಪ, ಎಷ್ಟು ಸಲ ಮಾಡ್ತಾಳೆ ಅಂತ ಎಣಿಸಿದೆ! ಹೊರಡುವ ಫೋನ್ ನಾನು ಮಾಡಲೇ ಇಲ್ಲವಲ್ಲ, ಗಡಿಯಾರ ಸಾಹೇಬ್ರು ಲೆಕ್ಕ ಹಾಕಲಿಕ್ಕಿಲ್ಲ ಅಂತ ಆರಾಮ ಇದ್ದೆ.”

ಕಾರ್ಖಾನೆಯಿಂದ ಬಂದವನು ತನ್ನ ಮೊಬೈಲ್ ಅವರ ಕೈಗೆ ಕೊಟ್ಟಿದ್ದ. ಆಫೀಸಿನವರು ಜೀಪು ಕೊಡುತ್ತಾರಂತೆ, ರಸ್ತೆಯಲ್ಲೇ ಮರಳುತ್ತೇನೆ ಎಂದರು. ಎಲ್ಲ ಹೇಳಿ ಮುಗಿಸಿ ಕೊನೆಗೆ, “ಸರಿ ಹಾಗಾದ್ರೆ, ಬರ್—”

“ಆ ಶಬ್ದ ಬಾಯಿಂದ ಬಂದ್ರೆ ನೋಡಿ ಮತ್ತೆ!” ಆಕೆಯ ಮೊದಲ ಮಾತು ಅದು.

ಆ ಕಡೆ ತಬ್ಬಿಬ್ಬು. “ಹಾಗಾದ್ರೆ ಎಂತ ಹೇಳುದು?”

“ಎಂತದೂ ಹೇಳ್ಬೇಡಿ. ಫೋನ್ ಇಡ್ಬೇಡಿ. ಮಾತಾಡ್ತಾ ಇರಿ.”

“ಇದು ಬೇರೆಯವರ ಫೋನು ಮಾರಾಯ್ತಿ…”

“ಅವರಿಗೆ ನಾನು ಕೈ ಮುಗಿತೇನೆ ಅಂತ ಹೇಳಿ. ಮಾತಾಡಿ.”

ನಾನು ಹೊರಗೆ ಫುಟ್‌ಪಾತಿಗೆ ಬಂದೆ. ಹುಡುಕಲು ಹೇಳಿದವರಿಗೆಲ್ಲ ಸಿಕ್ಕರು ಎಂದೂ ಹೇಳಬೇಕು. ಅದು ಕ್ರಮದ ಕೊನೆಯ ಭಾಗ. ಟವರು, ನಿಲ್ದಾಣಗಳು, ಪೊಲೀಸು, ಒಂದೊಂದಾಗಿ ಹೇಳಿದೆ. ಗುಡ್ಡದ ಪೊಲೀಸ್ ಪಾಟೀಲರು ಏದುಸಿರು ಬಿಡುತ್ತಿದ್ದರು. ವಿಷಯ ಕೇಳಿ ಮರಾಠಿಯಲ್ಲಿ, ಬಹಳ ಒಳ್ಳೆಯದಾಯಿತು ಸಾಹೇಬ, ನಮ್ಮವರೆಲ್ಲ ಇನ್ನೂ ಮೇಲಿದ್ದಾರೆ, ಕೂಗಿ ಕರೆಯುತ್ತೇನೆ ಎಂದರು. ಫೋನ್ ಕಟ್ಟಾಗುವ ಮುಂಚೆ ಅವರು ಗುಡ್ಡದ ಕಡೆಗೆ ಕೂಗಿದ್ದು ನನಗೆ ಕೇಳಿಸಿತು. ಮೇಲಿನಿಂದ ಯಾರೋ ಮರುಕೂಗು ಹಾಕಿದರು. ಎಂದೂ ನೋಡದ ಒಬ್ಬ ಹೋಟೆಲಿನವರಿಗಾಗಿ ಅಷ್ಟು ಜನ ಸಂಜೆಯ ಕೆಲಸ ಬಿಟ್ಟು ಹತ್ತಿದ್ದರು. ಅವರಿಗೆ ಸರಿಯಾಗಿ ಧನ್ಯವಾದ ಹೇಳಲು ನನಗೆ ಮರಾಠಿ ಸಾಲಲಿಲ್ಲ.

ಒಳಗೆ ಬಂದಾಗ ಆಕೆ ಇನ್ನೂ ಫೋನಿನಲ್ಲಿದ್ದರು. ಮಾತು ಮುಗಿದುಹೋಗಿತ್ತು. ಆದರೂ ಇಡಲು ಮನಸ್ಸಿಲ್ಲದೆ, ಮೇಜಿನಿಂದ ಮೇಜಿಗೆ ನಡೆಯುತ್ತ, ಕಣ್ಣಿಗೆ ಬಿದ್ದದ್ದನ್ನೆಲ್ಲ ಗಂಡನಿಗೆ ಹೇಳುತ್ತಿದ್ದರು. “ಕಿಟಕಿ ಹತ್ತಿರದವರಿಗೆ ಶೀರಾ ಬೇಕಂತೆ, ಮುಗಿದಿದೆ… ಫ್ಯಾನ್ ಪುನಃ ಕಿರ್ ಅಂತ ಉಂಟು… ಗಡಿಯಾರ ಸಾಹೇಬ್ರು ಬಂದ್ರು, ಅವರ ಚಹಾ ಆರಿಹೋಗಿದೆ, ಬೇರೆ ಮಾಡಿಸ್ತೇನೆ… ಹ್ಞಾಂ, ಕೇಳ್ತಾ ಉಂಟು, ಹೇಳಿ.”