ಸ್ಟ್ರೆಚರಿನ ಇನ್ನೊಂದು ತುದಿ

ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುವ ಆ ಹೆಂಗಸಿಗೆ ಹೆತ್ತವರಿಟ್ಟ ಹೆಸರೊಂದಿತ್ತು. ಸಂಬಳದ ಗುಮಾಸ್ತನನ್ನು ಬಿಟ್ಟರೆ ಅದು ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವಳು ಬ್ರೇಕಕ್ಕ. ಅಲ್ಲಿನ ಸ್ಟ್ರೆಚರುಗಳ ಬ್ರೇಕು ಕೈಕೊಟ್ಟು ಎಷ್ಟೋ ಕಾಲವಾಗಿತ್ತು; ವಾರ್ಡಿನಿಂದ ಎಕ್ಸ್‌ರೇ ಕೋಣೆಗೆ ಹೋಗುವ ಇಳಿಜಾರಿನಲ್ಲಿ ಅವಳೇ ಹಿಮ್ಮಡಿಯೂರಿ, ಬೆನ್ನು ಕೊಟ್ಟು ಗಾಡಿ ತಡೆಯುತ್ತಿದ್ದಳು.

ಸ್ಟ್ರೆಚರಿಗೆ ಎರಡು ತುದಿ. ಆಡಳಿತ ಇಟ್ಟಿದ್ದು ಒಂದು ತುದಿಗೆ ಸಾಲುವಷ್ಟು ಆಳು. ಇನ್ನೊಂದನ್ನು ರೋಗಿಯ ಕಡೆಯವರು ಹಿಡಿಯುವುದು ಅಲ್ಲಿನ ರೂಢಿ. ಅಳುವ ಮಗಳಾದರೂ ಸರಿ, ಆಕಳಿಸುವ ಭಾವನಾದರೂ ಸರಿ. ಹೀಗೇ ಒಬ್ಬ ಭಾವ ಇಳಿಜಾರಿನ ನಡುವೆ ಫೋನೆತ್ತಲು ಕೈ ಬಿಟ್ಟ. ಗಾಡಿ ಬ್ರೇಕಕ್ಕನ ಸೊಂಟಕ್ಕೆ ಬಡಿದು ನಿಂತಿತು. ರೋಗಿಗೆ ಏನೂ ಆಗಲಿಲ್ಲ. ಸೊಂಟ ಮಾತ್ರ ಅವತ್ತಿನಿಂದ ಕೂತರೆ ಏಳಲು ಬಿಡದು, ಎದ್ದರೆ ಕೂರಲು ಬಿಡದು.

ಅದಾದ ಮೇಲೆ ಅವಳು ಸಂಗಡಿಗರನ್ನೆಲ್ಲ ಕೂಡಿಸಿದಳು. ಸಂಬಳ ಹೆಚ್ಚಬೇಕು, ಸ್ಟ್ರೆಚರಿಗೆ ಇಬ್ಬರು ನೌಕರರು ಬೇಕು. ಕೊಡುವ ತನಕ, ತುರ್ತಿನ ರೋಗಿಗಳನ್ನು ಬಿಟ್ಟು, ಕಡೆಯವರ ಕೈಯಲ್ಲಿ ಗಾಡಿ ತಳ್ಳಿಸುವುದಿಲ್ಲ, ಒಬ್ಬರೇ ತಳ್ಳುವುದೂ ಇಲ್ಲ.

ಆಸ್ಪತ್ರೆಯ ಮುಖ್ಯಸ್ಥರಾದ ದೊಡ್ಡ ಡಾಕ್ಟರು ರೋಗಿಗಳನ್ನು ನೋಡುವುದು ಬಿಟ್ಟು ಸಭೆಗಳನ್ನು ನೋಡಿಕೊಳ್ಳುತ್ತಿದ್ದವರು. "ಇಬ್ಬರು ಯಾಕಮ್ಮ? ಚಕ್ರ ಇದೆಯಲ್ಲ" ಎಂದು ನಕ್ಕು ಎದ್ದು ಹೋದರು.

ಮನೆಯಲ್ಲೂ ಅಷ್ಟೇ. "ಇರೋ ಕೆಲಸಕ್ಕೂ ಕಲ್ಲು ಹಾಕ್ಕೊಂಡು ಲೀಡರಾಗೋಕೆ ಹೊರಟಿದಾಳೆ ಮಹಾರಾಣಿ" ಎಂದು ಅತ್ತೆ ಗೊಣಗುತ್ತಿದ್ದರು. ಗೊಣಗುತ್ತಲೇ ಸಂಜೆ ಎಣ್ಣೆ ಕಾಸಿ ಸೊಸೆಯ ಸೊಂಟ ತಿಕ್ಕುತ್ತಿದ್ದರು.

ಆ ವಾರವೇ ಅತ್ತೆ ಬಚ್ಚಲಲ್ಲಿ ಜಾರಿ, ಪಾದ ಊದಿಸಿಕೊಂಡು, ಅದೇ ವಾರ್ಡಿಗೆ ಬಂದು ಮಲಗಿದರು. ಎಕ್ಸ್‌ರೇ ಆಗಬೇಕು. ಸ್ಟ್ರೆಚರಿನ ಒಂದು ತುದಿಗೆ ಬ್ರೇಕಕ್ಕ, ಇನ್ನೊಂದು ತುದಿ ಖಾಲಿ. ಗಂಡ ಕೈ ಚಾಚಿದ.

"ಕೈ ತೆಗೀರಿ. ನೀವು ಕಡೆಯೋರು."

"ನಮ್ಮಮ್ಮ ಕಣೇ ಅದು."

"ಅದಕ್ಕೇ ಹೇಳಿದ್ದು."

ಕಾರಿಡಾರಿನುದ್ದಕ್ಕೂ ಸಂಗಡಿಗರು ತಂತಮ್ಮ ಸ್ಟ್ರೆಚರಿನ ಒಂದೊಂದು ತುದಿ ಹಿಡಿದು ನೋಡುತ್ತಿದ್ದರು. ಇವತ್ತು ಇವಳೇ ಸಡಿಲಿಸಿದರೆ ನಾಳೆ ಯಾರೂ ಬಿಗಿಹಿಡಿಯುವುದಿಲ್ಲ. ಅಷ್ಟರಲ್ಲಿ ದೊಡ್ಡ ಡಾಕ್ಟರು ಅತಿಥಿಗಳನ್ನು ಕರೆದುಕೊಂಡು ಬಂದರು. ಸ್ಟ್ರೆಚರು ಅವರ ಕೋಣೆಯ ಬಾಗಿಲಿಗೇ ಅಡ್ಡ ನಿಂತಿತ್ತು.

"ಪಾಪ, ಅತ್ತೆ ನರಳ್ತಿದಾರೆ. ನಿನ್ನ ಹಟ ದೊಡ್ಡದೋ, ಅತ್ತೆ ದೊಡ್ಡೋರೋ?" ಎಂದರು ಡಾಕ್ಟರು.

ಬ್ರೇಕಕ್ಕ ಗಾಡಿಯ ಹಿಡಿಕೆಗೆ ಕೈ ಹಾಕಿದಳು. ಇನ್ನೇನು ಒಬ್ಬಳೇ ತಳ್ಳಿಬಿಡುತ್ತಿದ್ದಳು, ಅತ್ತೆ ತಲೆ ಎತ್ತಿದರು.

"ನಾನೆಲ್ಲಿ ನರಳಿದೆ ಸ್ವಾಮಿ? ಇಂಜೆಕ್ಷನ್ ಕೊಟ್ಟಿದಾರೆ, ಆರಾಮಾಗಿದೀನಿ. ಇವಳೊಬ್ಬಳೇ ತಳ್ಳಿ ಸೊಂಟ ಮುರ್ಕೊಂಡ್ರೆ ಎಣ್ಣೆ ತಿಕ್ಕೋಳು ನಾನು. ನೀವು ಬರ್ತೀರಾ ತಿಕ್ಕೋಕೆ?" ಮತ್ತೆ ತಲೆ ಇಟ್ಟರು. "ಇನ್ನೊಬ್ಬರು ಬರೋ ತನಕ ಇಲ್ಲೇ ಇರ್ತೀನಿ. ಗಾಳಿ ಚೆನ್ನಾಗಿದೆ."

ಅತಿಥಿಗಳು ಗೋಡೆ ನೋಡಿದರು. ದೊಡ್ಡ ಡಾಕ್ಟರು ಕೋಟಿನ ತೋಳು ಮಡಚಿದರು. "ಇಷ್ಟಕ್ಕೆ ಇಷ್ಟು ರಾದ್ಧಾಂತ" ಎನ್ನುತ್ತ ಮುಂದಿನ ತುದಿಯನ್ನೇ ಹಿಡಿದರು. ಹಿಂದೆ ನಿಂತು ಅವರಿಗೆ ಅಭ್ಯಾಸವಿರಲಿಲ್ಲ.

ಇಳಿಜಾರು ಬಂತು. ಅತ್ತೆಯ ಭಾರವೆಲ್ಲ ಮುಂದಕ್ಕೆ ವಾಲಿತು. ಹೊಳೆಯುವ ಷೂಗಳು ಕಿರುಗುಟ್ಟಿದವು.

"ಏ, ಬ್ರೇಕ್ ಎಲ್ಲಮ್ಮ ಇದಕ್ಕೆ?"

"ನೀವೇ ಸಾರ್. ಹಿಮ್ಮಡಿ ಊರಿ," ಎಂದಳು ಬ್ರೇಕಕ್ಕ, ಹಿಂದಿನಿಂದ ಗಾಡಿಯನ್ನು ಬಿಗಿಯಾಗಿ ಎಳೆದು ಹಿಡಿದು.

ಅತ್ತೆಯ ಮೂಳೆ ಮುರಿದಿರಲಿಲ್ಲ. ನೌಕರರ ಜೊತೆಗಿನ ಮುಂದಿನ ಸಭೆಗೆ ದೊಡ್ಡ ಡಾಕ್ಟರು ಸೊಂಟದ ಹಿಂದೆ ದಿಂಬಿಟ್ಟುಕೊಂಡು ಕೂತಿದ್ದರು. ಇಬ್ಬರು ಯಾಕೆ ಎಂದು ಕೇಳಲಿಲ್ಲ. ಎರಡನೇ ಆಳಿನ ನೇಮಕಕ್ಕೆ ಅಲ್ಲೇ ಸಹಿ ಹಾಕಿದರು. ಸಂಬಳದ ಮಾತೆತ್ತಿದಾಗ ಮಾತ್ರ, "ಅದನ್ನ ಇನ್ನೊಮ್ಮೆ ನೋಡೋಣ" ಎಂದು ಏಳಹೋದರು.

ಬ್ರೇಕಕ್ಕ ಏಳಲಿಲ್ಲ. ಅವಳ ಸಂಗಡಿಗರೂ ಏಳಲಿಲ್ಲ.

"ನೋಡಿ ಸಾರ್, ನಿಧಾನವಾಗೇ ನೋಡಿ. ನಾವಿಲ್ಲೇ ಇರ್ತೀವಿ. ಗಾಳಿ ಚೆನ್ನಾಗಿದೆ" ಎಂದು ಅವಳು ನೆಲಕ್ಕೆ ಹಿಮ್ಮಡಿಯೂರಿ ಕುರ್ಚಿಯಲ್ಲೇ ಕೂತಳು.