ಎತ್ತಿದ್ದು ಎತ್ತು

ಅವನು ಹಾರಲಿಲ್ಲ. ತಾಳವಾಡಿ ಟೆಂಟಿನಲ್ಲಿ ಆ ಸಿನಿಮಾ ನೋಡಿ ಬಂದವರೆಲ್ಲ ಹೀರೋ ಹಾರಿದ, ಹಾರಿದ ಅನ್ನುತ್ತಾರೆ. ಅವನನ್ನು ಎತ್ತಿದ್ದು ನಮ್ಮ ಮನೆಯ ಎರಡು ಎತ್ತು. ನನ್ನನ್ನು ನಂಬದಿದ್ದರೆ ಬಿಡಿ, ನಮ್ಮ ಭಾಷೆಯನ್ನಾದರೂ ನಂಬಿ: ಮೇಲಕ್ಕೆತ್ತು ಅನ್ನುವುದಕ್ಕೂ ಎತ್ತು, ಆ ಪ್ರಾಣಿಗೂ ಎತ್ತು. ಎರಡನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟ ನನಗೇ ಇಷ್ಟು ತಿಳಿಯುತ್ತದೆ.

ಆಗ ನಮ್ಮದು ಕಪಿಲೆ ಬಾವಿ. ರಾಟೆಯ ಮೇಲೆ ಹಾದ ಹಗ್ಗಕ್ಕೆ ಆ ತುದಿಯಲ್ಲಿ ಚರ್ಮದ ಚೀಲ, ಈ ತುದಿಯಲ್ಲಿ ಎತ್ತು. ಎತ್ತು ಇಳಿಜಾರಿನಲ್ಲಿ ಇಳಿದರೆ ನೀರು ಮೇಲೆ ಬರುತ್ತದೆ. ಕೊನೆ ಮುಟ್ಟಿದೊಡನೆ ಅವು ಯಾರೂ ಹೇಳದೆ ಹಿಂದಕ್ಕೆ ನಡೆಯುತ್ತವೆ, ಚೀಲ ಮತ್ತೆ ನೀರಿಗೆ. ಮದರಾಸಿನಿಂದ ಬಂದ ಸಿನಿಮಾದವರು ಚೀಲ ಬಿಚ್ಚಿ ಆ ಜಾಗಕ್ಕೆ ಹೀರೋವನ್ನು ಕಟ್ಟಿದರು. ಬೆನ್ನಿಗೆ ಕೆಂಪು ಬಟ್ಟೆ, ಪ್ಯಾಂಟಿನ ಮೇಲೆ ಚಡ್ಡಿ. ಲೋಕ ಕಾಯುವ ಅವಸರದಲ್ಲಿ ಯಾವುದು ಮೊದಲೆಂದು ಮರೆತಿರಬೇಕು. ನಮ್ಮ ಶಿವನೂ ಲೋಕ ಕಾಯುತ್ತಾನೆ. ಎತ್ತಿನ ಮೇಲೆ ಕೂತು, ನಿಧಾನಕ್ಕೆ.

ಎರಡು ದಿನ ಹೀರೋ ಬಾವಿಯಿಂದ ಏಳುವುದು, ಎತ್ತು ವಾಡಿಕೆಯಂತೆ ಹಿಂದೆ ಬರುವುದು, ಹೀರೋ ಬುಳುಕ್ ಎಂದು ಮುಳುಗುವುದು. ಡೈರೆಕ್ಟರು "ನಿಲ್ಲು! ನಿಲ್ಲು!" ಎಂದು ಕೂಗಿದರು. ತಮಿಳಿನಲ್ಲೂ ನಿಲ್ಲು, ಕನ್ನಡದಲ್ಲೂ ನಿಲ್ಲು. ಎತ್ತು ಎರಡರಲ್ಲೂ ನಿಲ್ಲಲಿಲ್ಲ.

ನನಗೆ ನಗು ಬರಲಿಲ್ಲ. ನೀರಿಲ್ಲದೆ ನನ್ನ ಮೆಣಸಿನ ಸಸಿಗಳು ಮಡಿಯಲ್ಲಿ ಜೋತುಬಿದ್ದಿದ್ದವು. ಇನ್ನೆರಡು ದಿನ ಕಳೆದರೆ ಆ ವರ್ಷದ ಬೆಳೆಯೇ ಇಲ್ಲ. ಬಾವಿ ಬಿಟ್ಟುಕೊಟ್ಟಿದ್ದ ನಮ್ಮ ಯಜಮಾನರಿಗೆ ಅದರ ಗ್ಯಾನವೇ ಇಲ್ಲ.

"ನಮ್ ಎತ್ತು ಸಿನ್ಮಾದಲ್ ಬತ್ತವೆ ಕಣಮ್ಮಿ!"

"ಸಸಿ ಒಣಗ್ತಾ ಅವೆ. ಸಾರಿಗೆ ಮೆಣಸಿನ್ಕಾಯ್ ಬದ್ಲು ನಿಮ್ ಈರೋನ ಅರೀಲಾ?"

"ಇವತ್ತೊಂದಿನ ಸುಮ್ಕಿರು. ನಾನೇ ನಿಲ್ಲುಸ್ತೀನಿ."

ನಿಲ್ಲಿಸಿಯೂ ಬಿಟ್ಟರು. ಮೂರನೆಯ ದಿನ ಇಳಿಜಾರಿನ ಬುಡದಲ್ಲಿ ಬೆಲ್ಲ ಹಿಡಿದು ಕೂತರು. ಎತ್ತು ಬಂದು ನಿಂತವು, ನೆಕ್ಕಿದವು, ಡೈರೆಕ್ಟರು "ಕಟ್!" ಎಂದಮೇಲೆಯೇ ಯಜಮಾನರು ಬೆಲ್ಲ ಮುಚ್ಚಿಟ್ಟು ಅವನ್ನು ಹಿಂದಕ್ಕೆ ನಡೆಸಿದರು. ಸಂಜೆಯವರೆಗೆ ಅದೇ ಪಾಠ. ನಾನು ಎರಡು ವರ್ಷ ಸ್ಕೂಲಿಗೆ ಹೋಗಿ ಇಷ್ಟು ಚೆನ್ನಾಗಿ ಏನನ್ನೂ ಕಲಿತಿರಲಿಲ್ಲ. ಮೇಲೆ ಹೀರೋ ಒಂದು ಕೈ ಚಾಚಿಕೊಂಡು ತೂಗುತ್ತಿದ್ದ. ಊರೆಲ್ಲ ಚಪ್ಪಾಳೆ ಹೊಡೆಯಿತು. ಸಿನಿಮಾದವರು ಗಂಟುಮೂಟೆ ಕಟ್ಟಿಕೊಂಡು ಹಾಸನೂರಿನ ಕಡೆ ಹೋದರು.

ಮಾರನೆಯ ಬೆಳಿಗ್ಗೆ ಯಜಮಾನರು ಸುದ್ದಿ ಹಂಚಲು ತಾಳವಾಡಿಯ ಬಸ್ಸು ಹತ್ತಿದರು. ನಾನು ಚೀಲ ಕಟ್ಟಿ ಎತ್ತು ಹೂಡಿದೆ. ಇಳಿದವು. ನೀರು ಬಂದು ಸುರಿಯಿತು. ಎತ್ತು ಅಲ್ಲೇ ನಿಂತವು. ಬೈದೆ, ಬೆನ್ನು ತಟ್ಟಿದೆ, ಮೂಗುದಾರ ಜಗ್ಗಿದೆ. ಅಲುಗಲಿಲ್ಲ, ಯಾರದೋ ಅಪ್ಪಣೆಗೆ ಕಾದಂತೆ ನನ್ನ ಮುಖವನ್ನೇ ನೋಡಿದವು. ಮಡಿಯಲ್ಲಿ ಸಸಿಗಳು ನೆಲ ನೋಡುತ್ತಿದ್ದವು.

ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಕಟ್!" ಎಂದೆ.

ಹಿಂದಕ್ಕೆ ಬಂದವು. ಸಸಿಗಳು ನೆನೆಯುವ ತನಕ, ನನ್ನ ಬಾಯಿ ಒಣಗುವ ತನಕ, ಅದನ್ನೇ ಕೂಗಿದೆ.