ಟವೆಲ್ ನಂಬಿ ಮಶೀನಿಗೆ ಕೈ ಹಾಕಿದ ಮಾಣಿಕಪ್ಪ

ಸಿಕಂದರಾಬಾದ್ ಬಳಿಯ ನಾಚಾರಂನ ರಟ್ಟಿನ ಡಬ್ಬಗಳ ಕಾರ್ಖಾನೆಯಲ್ಲಿ ಮಾಣಿಕಪ್ಪನವರು ಫಿಟ್ಟರ್. ಊರು ಹುಮನಾಬಾದ್ ಕಡೆ. ಮಶೀನಿನೊಳಗೆ ಕೈ ಹಾಕುವ ಮೊದಲು ಹೆಗಲ ಮೇಲಿನ ಕೆಂಪು ಟವೆಲನ್ನು ಅಲಾರಂ ತೆಗೆಯುವ ರಿಸೆಟ್ ಗುಂಡಿ ಮುಚ್ಚುವಂತೆ ಇಳಿಬಿಡುತ್ತಿದ್ದರು. ಟವೆಲ್ ಇದ್ದರೆ ಒಳಗೆ ಮನುಷ್ಯ ಇದ್ದಾನೆಂದು ಅರ್ಥ.

ಮೇನ್ ಸ್ವಿಚ್ ತೆಗೆಯುವುದೇ ಸರಿಯೆಂದು ಅವರಿಗೆ ಗೊತ್ತಿತ್ತು. ಆದರೆ ಮಡಿಸಿದ ರಟ್ಟನ್ನು ತಳ್ಳುವ ಕಬ್ಬಿಣದ ತೋಳನ್ನು ನಡೆಸುವುದು ಒಂದು ಸರ್ವೋ ಮೋಟಾರ್. ತೋಳು ಎಲ್ಲಿದೆ ಎಂದು ನೆನಪಿಡುವ ಅದರ ಸಣ್ಣ ಬ್ಯಾಟರಿ ಸತ್ತುಹೋಗಿತ್ತು. ಕರೆಂಟು ತೆಗೆದರೆ ಎಲ್ಲವನ್ನೂ ಮೊದಲಿನಿಂದ ಹೊಂದಿಸಬೇಕು. ಅಷ್ಟರಲ್ಲಿ ಸೂಪರ್‌ವೈಸರ್ ಶಿವಾನಂದ ಕೆಲಸ ನಿಂತಿತೆಂದು ಕೂಗಾಡುತ್ತಿದ್ದರು. ಹೀಗಾಗಿ ಟವೆಲ್ಲೇ ಸಾಕೆನ್ನುವುದು ರೂಢಿಯಾಯಿತು.

ಮಶೀನ್ ನಡೆಸುವ ಸುಮಂಗಲಾ ಚೇಷ್ಟೆ ಮಾಡುತ್ತಿದ್ದಳು. "ಮಾಣಿಕಪ್ಪಣ್ಣ, ಒಮ್ಮೆರ ಅದನ್ನ ಒಗೀರಿ. ವಾಸನಿಗೇ ಮಶೀನ್ ಅಲಾರಂ ಹೊಡಿಯಾಕತ್ತೈತಿ."

"ಒಗದ್ರ ನಂದು ಅಂತ ಗುರುತು ಹೆಂಗ ಸಿಗತೈತವ್ವಾ?"

ಆ ದಿನ ದೊಡ್ಡ ಗಿರಾಕಿಗಳು ಕಾರ್ಖಾನೆ ನೋಡಲು ಶಂಶಾಬಾದ್ ವಿಮಾನ ನಿಲ್ದಾಣದಿಂದ ಹೊರಟಿದ್ದರು. ಅದೇ ಹೊತ್ತಿಗೆ ರಟ್ಟು ಸಿಕ್ಕಿಕೊಂಡು, ಮೋಟಾರಿಗೆ ಭಾರ ಹೆಚ್ಚಾಗಿ ಅಲಾರಂ ಬಂತು. ಸುಮಂಗಲಾ ನೀರು ಕುಡಿಯಲು ಹೋದಳು. ಮಾಣಿಕಪ್ಪನವರು ಟವೆಲ್ ಇಳಿಬಿಟ್ಟು ಮಶೀನಿನ ಹಿಂದಿನಿಂದ ಬಗ್ಗಿ ಕೈ ಹಾಕಿದರು. ಸ್ಟಾರ್ಟ್ ಸ್ವಿಚ್ ಆನ್ ಆಗಿಯೇ ಇತ್ತು.

ಎಲ್ಲವೂ ಚೊಕ್ಕಟವಾಗಿದೆಯೇ ಎಂದು ನೋಡುತ್ತ ಬಂದ ಶಿವಾನಂದ, ಕೊಳೆ ಟವೆಲ್ ಕಂಡು ಮುಖ ಸಿಂಡರಿಸಿ, ಒಳಗೆ ಯಾರಿದ್ದಾರೆಂದು ನೋಡದೆ ಅದನ್ನೆತ್ತಿ ರಟ್ಟಿನ ಡಬ್ಬಗಳ ಹಿಂದೆ ಎಸೆದು ಮುಂದೆ ನಡೆದರು. ಸುಮಂಗಲಾ ಮರಳಿ ಬಂದಾಗ ಕೆಂಪು ದೀಪ ಮಿನುಗುತ್ತಿತ್ತು, ಟವೆಲ್ ಇರಲಿಲ್ಲ. ಅವಳು ರಿಸೆಟ್ ಒತ್ತಿದಳು. ಸ್ಟಾರ್ಟ್ ಆನ್ ಇದ್ದುದರಿಂದ ಕಬ್ಬಿಣದ ತೋಳು ಅದೇ ಕ್ಷಣ ಮುಂದಕ್ಕೆ ನುಗ್ಗಿತು.

ಸಿಕಂದರಾಬಾದಿನ ಆಸ್ಪತ್ರೆಯಲ್ಲಿ ಅವರ ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಉಳಿಸಲಾಗಲಿಲ್ಲ.

"ನಾನೇ ಒತ್ತಿದ್ನಿರಿ ಅಣ್ಣ. ಟವೆಲ್ ಕಾಣಲಿಲ್ಲ," ಎಂದು ಸುಮಂಗಲಾ ಅತ್ತಳು.

"ಅಳಬ್ಯಾಡ. ಸ್ಟಾರ್ಟ್ ಸ್ವಿಚ್ ನಾ ಆಫ್ ಮಾಡಬೇಕಿತ್ತು. ಒಂದು ಅರಿವಿ ನಂಬಿ ಒಳಗ ಕೈ ಹಾಕಿದ್ನಿ."

ಆ ವಾರವೇ ಹೊಸ ಬ್ಯಾಟರಿ ಬಂತು, ಮೇನ್ ಸ್ವಿಚ್ಚಿಗೆ ಬೀಗವೂ ಬಂತು. ಮಾಣಿಕಪ್ಪನವರನ್ನು ಗೇಟಿನಲ್ಲಿ ಕಾವಲಿಗೆ ಕೂರಿಸಿದರು. ಬೇರೆ ಫಿಟ್ಟರ್ ಬಂದ.

ಒಂದು ದಿನ ಅವನು ರಜೆಯಲ್ಲಿದ್ದಾಗ ಮತ್ತೆ ಅಲಾರಂ ಬಂತು. ಶಿವಾನಂದರೇ ಗೇಟಿನವರೆಗೆ ನಡೆದು ಬಂದು, ನೆಲ ನೋಡುತ್ತ, "ಒಂಚೂರು ನೋಡ್ತೀರೇನ್ರಿ?" ಎಂದರು.

ಮಾಣಿಕಪ್ಪನವರು ಮೊದಲು ಅಲಾರಂ ನಂಬರ್ ಓದಿದರು. ಸ್ಟಾರ್ಟ್ ಆಫ್ ಮಾಡಿಸಿ, ಮೇನ್ ಇಳಿಸಿ, ಬೀಗ ಹಾಕಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಕರೆಂಟು ತೆಗೆದ ಮೇಲೂ ಮೋಟಾರಿನ ಡ್ರೈವ್ ಪೆಟ್ಟಿಗೆಯಲ್ಲಿ ಉರಿಯುತ್ತಿದ್ದ ಪುಟ್ಟ ದೀಪ, ಒಳಗುಳಿದ ಕರೆಂಟು ಇಳಿದು, ಪೂರ್ತಿ ಆರುವವರೆಗೆ ಕಾದರು. ಆಮೇಲೆ ಬಗ್ಗಿ ನೋಡಿದರು. ತೋಳಿನ ಬೋಲ್ಟ್ ಸಡಿಲವಾಗಿ, ತೋಳು ಓರೆಯಾಗಿ ಉಜ್ಜಿದ ಗುರುತಿತ್ತು.

ಸುಮಂಗಲಾ ಸ್ಪ್ಯಾನರ್ ಕೊಟ್ಟಳು. ಅವರು ಬಲಗೈ ಚಾಚಿದರು. ಸ್ಪ್ಯಾನರ್ ಜಾರಿ ನೆಲಕ್ಕೆ ಬಿತ್ತು. ಎಡಗೈಯಲ್ಲಿ ಹಿಡಿದು ತಿರುಗಿಸಿದರು, ಹಲ್ಲು ಕಚ್ಚಿ ಇನ್ನೊಮ್ಮೆ ತಿರುಗಿಸಿದರು. ಬೋಲ್ಟ್ ಅಲುಗುತ್ತಿತ್ತು.

"ಬಿಗಿ ಬಂದಿಲ್ರಿ. ಆ ಫಿಟ್ಟರ್ ಹುಡುಗ ಬರೂತನಕ ರಿಸೆಟ್ ಮಾಡಬ್ಯಾಡ್ರಿ," ಎಂದು ಕೀಲಿಯನ್ನು ಸುಮಂಗಲಾಳ ಕೈಗಿಟ್ಟರು.

ಗೇಟಿನ ಹೊರಗೆ ಲಾರಿಯೊಂದು ಹಾರನ್ ಹೊಡೆಯುತ್ತಿತ್ತು. ಅವರು ತೆರೆಯಲು ಹೋದರು.